ಗಡೀಪಾರಾದ ಮಾತು ಮರಳಿ ಬಂದಾಗ

2006ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಟಿ.ವಿ. ಜಾಹೀರಾತುಗಳನ್ನು ಪರಿಶೀಲಿಸುವ ಸಂಸ್ಥೆಯು ಆಸ್ಟ್ರೇಲಿಯಾ ಸರ್ಕಾರದ ಪ್ರವಾಸೋದ್ಯಮ ಜಾಹೀರಾತೊಂದನ್ನು ತಡೆಹಿಡಿಯಿತು. 18 ಕೋಟಿ ಆಸ್ಟ್ರೇಲಿಯನ್ ಡಾಲರ್ ವೆಚ್ಚದ ಪ್ರಚಾರಾಂದೋಲನ ಅದು. ನಿಮಗಾಗಿ ಬಿಯರು ತಂದಿಟ್ಟಿದ್ದೇವೆ, ಒಂಟೆಗಳ ಮೈತೊಳೆದು ನಿಲ್ಲಿಸಿದ್ದೇವೆ, ಕಡಲತೀರದಲ್ಲಿ ಜಾಗ ಹಿಡಿದಿದ್ದೇವೆ ಎಂದೆಲ್ಲ ಹೇಳಿದ ಮೇಲೆ, ಇಷ್ಟಾದರೂ ನೀವೆಲ್ಲಿ ಹಾಳಾಗಿ ಹೋಗಿದ್ದೀರಿ ಎಂಬ ಧಾಟಿಯಲ್ಲಿ ತರುಣಿಯೊಬ್ಬಳು ಪ್ರಶ್ನಿಸುತ್ತಾಳೆ. ಆ ಪ್ರಶ್ನೆಯಲ್ಲಿ ‘ಬ್ಲಡಿ’ ಎಂಬ ಪದವಿತ್ತು. ಸಭ್ಯರ ಮನೆಯೊಳಗೆ ಆ ಪದ ಸಲ್ಲದೆಂಬುದು ಲಂಡನ್ನಿನ ತೀರ್ಪು. ಆಸ್ಟ್ರೇಲಿಯಾದ ಪ್ರವಾಸೋದ್ಯಮ ಸಚಿವೆ ಖುದ್ದಾಗಿ ಲಂಡನ್ನಿಗೆ ತೆರಳಿ ವಾದಿಸಿದರು. ಕೆಲವು ದಿನಗಳಲ್ಲಿ ತಡೆಯೇನೋ ಸಡಿಲಗೊಂಡಿತು. ಆದರೆ ರಸ್ತೆಬದಿಯ ಫಲಕಗಳಿಂದ ಅದನ್ನು ಕಿತ್ತುಹಾಕಬೇಕೆಂಬ ಆದೇಶ ಮರುವರ್ಷ ಹೊರಬಿದ್ದಿತು.

ಸೋಜಿಗವೆಂದರೆ, ಆ ಪದ ಆಸ್ಟ್ರೇಲಿಯಾದ್ದಲ್ಲ. ಅದು ಅಪ್ಪಟ ಇಂಗ್ಲಿಷ್ ನೆಲದ ಬೈಗುಳ. 1914ರಲ್ಲಿ ಬರ್ನಾರ್ಡ್ ಷಾ ತಮ್ಮ ‘ಪಿಗ್ಮೇಲಿಯನ್’ ನಾಟಕದ ನಾಯಕಿಯ ಬಾಯಲ್ಲಿ ಇದೇ ಪದವನ್ನಾಡಿಸಿದಾಗ ಲಂಡನ್ನಿನ ರಂಗಮಂದಿರವೇ ಬೆಚ್ಚಿಬಿದ್ದಿತ್ತು. ಇಂಗ್ಲೆಂಡಿನ ಕೆಳವರ್ಗದವರು ಹಡಗಿನಲ್ಲಿ ಹೊತ್ತೊಯ್ದ ಈ ಮಾತು ಆಸ್ಟ್ರೇಲಿಯಾದಲ್ಲಿ ಎಷ್ಟು ಬೇರೂರಿತೆಂದರೆ, ‘ಆಸ್ಟ್ರೇಲಿಯಾದ ಮಹಾವಿಶೇಷಣ’ವೆಂಬ ಅಡ್ಡಹೆಸರು 19ನೇ ಶತಮಾನ ಮುಗಿಯುವ ಮುನ್ನವೇ ಅದಕ್ಕೆ ಅಂಟಿಕೊಂಡಿತ್ತು. ತಾನು ಹೊರದಬ್ಬಿದ ಮಾತು ಅತಿಥಿಯ ವೇಷದಲ್ಲಿ ಮರಳಿ ಬಂದು ಬಾಗಿಲು ತಟ್ಟಿದಾಗ ಬ್ರಿಟನ್ ಅದರ ಗುರುತು ಹಿಡಿಯಲಿಲ್ಲ.

ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನ ಜನಪ್ರಿಯ ಸಂಸ್ಕೃತಿಯ ಮೇಲೆ ಅಮೆರಿಕದ ಪ್ರಭಾವವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಹಾಸ್ಯ ಮತ್ತು ಆಡುಮಾತಿನ ವಿಷಯದಲ್ಲಿ ಅಷ್ಟೇ ಆಳವಾದ ಪ್ರಭಾವ ಬೀರಿದ್ದು, ಒಂದು ಕಾಲಕ್ಕೆ ಬ್ರಿಟನ್ನಿನ ಕೈದಿಗಳ ವಸಾಹತಾಗಿದ್ದ ಆಸ್ಟ್ರೇಲಿಯಾ. ಆದರೆ ಬ್ರಿಟಿಷರು ನಕ್ಕು ಸ್ವೀಕರಿಸಿದ ಆ ‘ಆಸ್ಟ್ರೇಲಿಯಾ’ದ ಬಹುಭಾಗ ಲಂಡನ್ನಿನಲ್ಲೇ, ಬ್ರಿಟಿಷರಿಗಾಗಿಯೇ ತಯಾರಾದದ್ದು ಎಂಬುದು ನನ್ನ ಅಭಿಪ್ರಾಯ. ಮತ್ತು ಆ ನಗುವಿಗೆ ದೊರೆತ ಪರವಾನಗಿ ಎಲ್ಲ ವಲಸಿಗರಿಗೂ ದೊರೆಯುವಂಥದ್ದಾಗಿರಲಿಲ್ಲ.

ಮೊದಲು ಮಾತಿನ ಚರಿತ್ರೆಯನ್ನೇ ನೋಡೋಣ. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು. ಅವರಲ್ಲಿ ಹಲವರು ಆಡುತ್ತಿದ್ದ ಕಳ್ಳರ ಗುಪ್ತಭಾಷೆ ಅಧಿಕಾರಿಗಳಿಗೆ ಅರ್ಥವಾಗುತ್ತಿರಲಿಲ್ಲ. ಮೊದಲ ಹಡಗುಪಡೆಯೊಂದಿಗೆ ಬಂದಿದ್ದ ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ, ಅಲ್ಲಿನ ನ್ಯಾಯಾಲಯಗಳಲ್ಲಿ ಇಂಗ್ಲಿಷಿನವನ ಮಾತನ್ನು ಇಂಗ್ಲಿಷಿನವನಿಗೇ ತಿಳಿಸಲು ದುಭಾಷಿ ಬೇಕಾಗುತ್ತಿತ್ತೆಂದು ದಾಖಲಿಸಿದ್ದಾನೆ. ಆಸ್ಟ್ರೇಲಿಯಾದಲ್ಲಿ ರಚನೆಯಾದ ಮೊದಲ ನಿಘಂಟು ಯಾವುದು ಬಲ್ಲಿರಾ? ಮೂರು ಬಾರಿ ಗಡೀಪಾರಾದ ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಕಳ್ಳ 1812ರಲ್ಲಿ ಸಿದ್ಧಪಡಿಸಿದ, ಈ ಗುಪ್ತಭಾಷೆಯ ಪದಕೋಶ. ಕೈದಿಗಳ ಮಾತು ಅಧಿಕಾರಿಗಳಿಗೆ ತಿಳಿಯಲೆಂದು ಕೈದಿಯೇ ಬರೆದುಕೊಟ್ಟದ್ದು. ಕಳ್ಳಮಾಲಿಗೆ ಸಲ್ಲುತ್ತಿದ್ದ ‘ಸ್ವ್ಯಾಗ್’ ಅಲ್ಲಿ ಅಲೆಮಾರಿ ಕೂಲಿಯವನ ಬೆನ್ನ ಮೇಲಿನ ಗಂಟಾಯಿತು. ಆಸ್ಟ್ರೇಲಿಯಾದ ಮುದ್ರೆಯೆಂದೇ ನಾವೆಲ್ಲ ತಿಳಿದಿರುವ ‘ಡಿಂಕಮ್’ ಇಂಗ್ಲೆಂಡಿನ ಮಧ್ಯಭಾಗದ ಪ್ರಾಂತ್ಯಗಳ ದುಡಿಮೆಗಾರರ ಪದ. ಇಂಗ್ಲೆಂಡಿನಲ್ಲಿ ಶಾಲೆ, ಚರ್ಚು ಮತ್ತು ಮಧ್ಯಮವರ್ಗದ ಮರ್ಯಾದೆಗಳು ಸೇರಿ ಇಂಥ ಮಾತುಗಳನ್ನು ಮೂಲೆಗೆ ತಳ್ಳುತ್ತಿದ್ದ ಕಾಲದಲ್ಲಿ ಕಡಲಾಚೆ ಅವು ಬಿಸಿಲು ಕಾಯಿಸಿಕೊಂಡು ಕೊಬ್ಬುತ್ತಿದ್ದವು.

ಅವು ಮರಳಿ ಬರಲು ಒಂದು ವಾಹನ ಬೇಕಿತ್ತು. ಅದನ್ನು ಒದಗಿಸಿದವರು ಮೆಲ್ಬರ್ನಿನ ಸುಖವಂತ ಕುಟುಂಬದಲ್ಲಿ 1934ರಲ್ಲಿ ಹುಟ್ಟಿ, 1959ರಲ್ಲಿ ಲಂಡನ್ ಸೇರಿದ ಬ್ಯಾರಿ ಹಂಫ್ರಿಸ್. 1964ರಲ್ಲಿ ‘ಪ್ರೈವೇಟ್ ಐ’ ಎಂಬ ವಿಡಂಬನ ಪತ್ರಿಕೆಗಾಗಿ, ಹಾಸ್ಯನಟ ಪೀಟರ್ ಕುಕ್ ಅವರ ಸಲಹೆಯಂತೆ, ಅವರು ‘ಬ್ಯಾರಿ ಮೆಕೆಂಜಿ’ ಎಂಬ ಚಿತ್ರಸರಣಿ ಆರಂಭಿಸಿದರು. ಚಿತ್ರ ಬರೆದವರು ನಿಕೊಲಸ್ ಗಾರ್ಲಂಡ್. ಅಗಲ ಅಂಚಿನ ಟೊಪ್ಪಿ, ಒಡ್ಡೊಡ್ಡಾದ ಸೂಟು, ನೇಗಿಲಿನಂಥ ಗದ್ದ. ಕೈಯಲ್ಲಿ ಸದಾ ಫಾಸ್ಟರ್ಸ್ ಬಿಯರಿನ ಡಬ್ಬಿ. ಆಸ್ಟ್ರೇಲಿಯನ್ನರೇ ತುಂಬಿಕೊಂಡಿದ್ದರಿಂದ ‘ಕಾಂಗರೂ ಕಣಿವೆ’ ಎನಿಸಿಕೊಂಡಿದ್ದ ಅರ್ಲ್ಸ್ ಕೋರ್ಟ್ ಬಡಾವಣೆಯಲ್ಲಿ ಬಿಡಾರ ಹೂಡಿದ ಈ ಒರಟನ ಬಾಯಿಂದ ವಾಂತಿ, ಮೂತ್ರ, ಮದ್ಯ, ಮೈಥುನಗಳಿಗೆ ಹೊರಟ ಬಣ್ಣಬಣ್ಣದ ನುಡಿಗಟ್ಟುಗಳಿಗೆ ಲೆಕ್ಕವಿಲ್ಲ. ಬ್ರಿಟಿಷ್ ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿದರು.

ಆ ನುಡಿಗಟ್ಟುಗಳಲ್ಲಿ ಕೆಲವು ಹಂಫ್ರಿಸ್ ಬಾಲ್ಯದಲ್ಲಿ ಕೇಳಿದವು; ಕೆಲವು ಆಗಲೇ ಸವೆದುಹೋಗಿದ್ದವು; ಇನ್ನು ಕೆಲವು ಅವರೇ ಕಟ್ಟಿದವು. ಮೆಲ್ಬರ್ನಿನ ಬೀದಿಯಲ್ಲಿ ಯಾರೂ ಹಾಗೆ ಮಾತನಾಡುತ್ತಿರಲಿಲ್ಲ. ಸರಣಿಯ ಪುಸ್ತಕರೂಪವನ್ನು ಆಸ್ಟ್ರೇಲಿಯಾದ ಅಧಿಕಾರಿಗಳು ನಿಷೇಧಿಸಿದರು. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು; ಅದೇ ಮೆಕೆಂಜಿಯ ಕಥೆಯನ್ನು ಬ್ರೂಸ್ ಬೆರೆಸ್‌ಫರ್ಡ್ 1972ರಲ್ಲಿ ಸಿನಿಮಾ ಮಾಡಿದಾಗ ಹಣ ಹೂಡಿದ್ದು ಆಸ್ಟ್ರೇಲಿಯಾ ಸರ್ಕಾರದ ಚಲನಚಿತ್ರ ಸಂಸ್ಥೆ. 1974ರ ಎರಡನೇ ಚಿತ್ರದಲ್ಲಂತೂ ಪ್ರಧಾನಿ ಗೌಫ್ ವಿಟ್ಲಮ್ ಅವರೇ ತೆರೆಯ ಮೇಲೆ ಬಂದರು. ಲಂಡನ್ನಿನಲ್ಲಿ ತಯಾರಾದ ಆಸ್ಟ್ರೇಲಿಯನ್ ಆಡುಮಾತನ್ನು ಆಸ್ಟ್ರೇಲಿಯನ್ನರು ಕಲಿತದ್ದು ಹೀಗೆ.

ಈ ಮಾತುಗಳ ಪೈಕಿ ವಾಂತಿಗೆ ಹೇಳುವ ‘ಚಂಡರ್’ ಎಂಬುದರ ಕಥೆ ನನಗೆ ವಿಶೇಷ ಕುತೂಹಲದ್ದು. ಮೆಕೆಂಜಿಯಿಂದ ಜನಪ್ರಿಯವಾದ ಈ ಪದ 1981ರಲ್ಲಿ ‘ಮೆನ್ ಅಟ್ ವರ್ಕ್’ ತಂಡದ ‘ಡೌನ್ ಅಂಡರ್’ ಹಾಡಿನೊಳಗೂ ನುಸುಳಿತು. 1983ರ ಆರಂಭದಲ್ಲಿ ಆ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಕುಡಿದು ಕಾರಿಕೊಳ್ಳುವ ಬ್ರಿಟಿಷ್ ಕಾಲೇಜು ಹುಡುಗರಿಗೆ ಇಂದಿಗೂ ಅದೇ ಪದ. ಮೂಲ ಹುಡುಕಿದ ನಿಘಂಟುಕಾರರು 1909ರ ಸುಮಾರಿನಲ್ಲಿ ಸಿಡ್ನಿಯ ‘ಬುಲೆಟಿನ್’ ವಾರಪತ್ರಿಕೆಯಲ್ಲಿ ಬರುತ್ತಿದ್ದ ಬೂಟುಪಾಲಿಷಿನ ಜಾಹೀರಾತಿಗೆ ತಲುಪುತ್ತಾರೆ. ಅದರಲ್ಲಿನ ವ್ಯಂಗ್ಯಚಿತ್ರದ ಪಾತ್ರದ ಹೆಸರು ‘ಚಂಡರ್ ಲೂ’. ಅದರೊಂದಿಗೆ ಪ್ರಾಸ ಹೊಂದುವ ವಾಂತಿಯ ಪದಕ್ಕೆ ಬದಲಾಗಿ ಹೆಸರೇ ನಿಂತಿತಂತೆ. ಆ ಪಾಲಿಷಿನ ಹೆಸರು ‘ಕೋಬ್ರಾ’. ಪಾತ್ರದ ಹೆಸರಿನಲ್ಲಿ ನಮ್ಮ ‘ಚಂದ್ರ’ನ ಛಾಯೆ ನನಗಂತೂ ಕೇಳಿಸುತ್ತದೆ.

ಒಬ್ಬ ಒರಟನ ಮಾತು ಬ್ರಿಟಿಷರಿಗೆ ಅಷ್ಟೊಂದು ರುಚಿಸಿದ್ದೇಕೆ? ನಾಲಿಗೆ ಕುಲ ಹೇಳುತ್ತದೆ ಎಂಬ ನಮ್ಮ ಗಾದೆ ಇಂಗ್ಲೆಂಡಿಗೆ ಅನ್ವಯಿಸಿದಷ್ಟು ಮತ್ತಾವ ದೇಶಕ್ಕೂ ಅನ್ವಯಿಸಲಿಕ್ಕಿಲ್ಲ. ಅಲ್ಲಿ ಬಾಯಿ ತೆರೆದ ಅರೆಗಳಿಗೆಯಲ್ಲಿ ಆಸಾಮಿ ಓದಿದ ಶಾಲೆ, ಅಪ್ಪನ ಉದ್ಯೋಗ, ಹುಟ್ಟಿದ ಬೀದಿ ಎಲ್ಲವೂ ಬಯಲಾಗುತ್ತವೆ. ಈಟನ್‌ನಲ್ಲಿ ಓದಿದವನು ಕಾರ್ಮಿಕನನ್ನು ಗೇಲಿ ಮಾಡಿದರೆ ಅಹಂಕಾರ, ಕಾರ್ಮಿಕ ಈಟನ್ನಿನವನನ್ನು ಗೇಲಿ ಮಾಡಿದರೆ ಅಸೂಯೆ. ಆಸ್ಟ್ರೇಲಿಯನ್ನನ ರಾಗವನ್ನು ಈ ಏಣಿಯ ಯಾವ ಮೆಟ್ಟಿಲಲ್ಲೂ ಕೂರಿಸಲಾಗದು. ಅವನು ಭಾಷೆಯಿಂದ ಒಳಗಿನವನು, ರಾಗದಿಂದ ಹೊರಗಿನವನು. ನಮ್ಮ ಯಕ್ಷಗಾನದ ಹಾಸ್ಯಗಾರ ಅರಸನನ್ನೂ ಭಾಗವತರನ್ನೂ ಒಂದೇ ಉಸಿರಿನಲ್ಲಿ ಕೆಣಕಿ ದಕ್ಕಿಸಿಕೊಳ್ಳುವಂತೆ, ಅವನು ಯಾರನ್ನು ಬೇಕಾದರೂ ಕೆಣಕಬಹುದಿತ್ತು. ಬ್ರಿಟಿಷರಿಗೆ ತಮ್ಮ ಮನೆಯೊಳಗೆ ತಾವು ಆಡಲಾರದ್ದನ್ನು ಆಡಿಸಲು ಅವನೊಬ್ಬ ಬೇಕಾಗಿದ್ದ.

ಈ ಅನುಕೂಲವನ್ನು ಮೆಕೆಂಜಿಯ ಒರಟುತನದಿಂದ ಬಹುದೂರ ನಿಂತೂ ಬಳಸಿಕೊಂಡವರು ಕ್ಲೈವ್ ಜೇಮ್ಸ್. 1962ರಲ್ಲಿ ಸಿಡ್ನಿಯಿಂದ ಬಂದು ಕೇಂಬ್ರಿಡ್ಜ್‌ನಲ್ಲಿ ಓದಿದ ಅವರು 1972ರಿಂದ 1982ರವರೆಗೆ ‘ಅಬ್ಸರ್ವರ್’ ಪತ್ರಿಕೆಗೆ ಟಿ.ವಿ. ವಿಮರ್ಶೆ ಬರೆದರು. ಷೇಕ್ಸ್‌ಪಿಯರ್ ನಾಟಕವನ್ನೂ ಕ್ರೀಡಾ ವೀಕ್ಷಕ ವಿವರಣೆಯ ಎಡವಟ್ಟುಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಆ ಅಂಕಣ ಬ್ರಿಟಿಷ್ ಪತ್ರಿಕೋದ್ಯಮದಲ್ಲಿ ಒಂದು ಶೈಲಿಯನ್ನೇ ಹುಟ್ಟುಹಾಕಿತು. ಉನ್ನತ ಸಂಸ್ಕೃತಿ, ಕ್ಷುಲ್ಲಕ ಸಂಸ್ಕೃತಿ ಎಂಬ ವರ್ಗಭೇದ ಅವರಿಗೆ ತಟ್ಟುತ್ತಲೇ ಇರಲಿಲ್ಲ.

ಆದರೂ ಈ ಕಥೆಯ ಪಟ್ಟದರಸಿ ಡೇಮ್ ಎಡ್ನಾ ಎವರೇಜ್. 1955ರಲ್ಲಿ ಮೆಲ್ಬರ್ನಿನ ವಿಶ್ವವಿದ್ಯಾಲಯದ ರಂಗದ ಮೇಲೆ ಹಂಫ್ರಿಸ್ ಸ್ತ್ರೀವೇಷ ಧರಿಸಿ ಈ ಪಾತ್ರವನ್ನು ತಂದಾಗ ಆಕೆ ಮೂನಿ ಪಾಂಡ್ಸ್ ಎಂಬ ಉಪನಗರದ ಸಪ್ಪೆ ಗೃಹಿಣಿ. ಲಂಡನ್ನಿನಲ್ಲಿ 1960ರ ದಶಕದ ಆರಂಭದ ಪ್ರಯೋಗ ನೆಲಕಚ್ಚಿತು. ಆಕೆ ಗೆದ್ದದ್ದು 1976ರಲ್ಲಿ. ನೇರಳೆ ಕೂದಲು, ರೆಕ್ಕೆ ಬಿಚ್ಚಿದ ಕನ್ನಡಕ, ಗ್ಲಾಡಿಯೋಲಸ್ ಹೂಗಳ ಗೊಂಚಲು ಹಿಡಿದ ಮಹಾತಾರೆಯಾಗಿ. 1987ರಲ್ಲಿ ಐಟಿವಿಯಲ್ಲಿ ಆರಂಭವಾದ ಸಂದರ್ಶನ ಕಾರ್ಯಕ್ರಮದಲ್ಲಿ ಖ್ಯಾತನಾಮರು ಅತಿಥಿಗಳಾಗಿ ಬಂದು, ‘ಅಕ್ಕರೆಯಿಂದ ಹೇಳುತ್ತಿದ್ದೇನೆ’ ಎಂಬ ಪೀಠಿಕೆಯೊಂದಿಗೆ ಬರುತ್ತಿದ್ದ ಅವಮಾನಗಳನ್ನು ನಗುನಗುತ್ತ ನುಂಗಿಹೋಗುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಸ್ಟ್ರೇಲಿಯಾದ ವಿಮರ್ಶಕ ಎ.ಎ. ಫಿಲಿಪ್ಸ್ 1950ರಲ್ಲಿ ತಮ್ಮ ದೇಶದವರ ಮನೋರೋಗಕ್ಕೆ ‘ಸಾಂಸ್ಕೃತಿಕ ಮುದುಡುವಿಕೆ’ ಎಂಬರ್ಥದ ಹೆಸರಿಟ್ಟಿದ್ದರು: ಏನನ್ನು ಮಾಡಿದರೂ ಲಂಡನ್ನಿನವರು ಏನೆಂದಾರು ಎಂದು ಅಳುಕುವ ಚಾಳಿ. ಎಡ್ನಾ ಆ ಅಳುಕನ್ನೇ ತಲೆಕೆಳಗು ಮಾಡಿ ಲಂಡನ್ನಿಗೇ ದಾಟಿಸಿದಳು.

ಸಂದರ್ಶಕನೇ ಕಥಾಪಾತ್ರ, ಅತಿಥಿ ಮಾತ್ರ ಅಸಲಿ ಎಂಬ ಈ ತಂತ್ರ ಮುಂದೆ ಬ್ರಿಟಿಷ್ ಟಿ.ವಿ.ಯ ಒಂದು ಪ್ರಕಾರವೇ ಆಯಿತು. 1990ರ ದಶಕದ ‘ಮಿಸೆಸ್ ಮರ್ಟನ್’ ಅಜ್ಜಿ ಎಡ್ನಾಳ ಮಾನಸಪುತ್ರಿಯಂತೆಯೇ ನನಗೆ ಕಾಣುತ್ತಾಳೆ. 2001ರಲ್ಲಿ ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್ ಮುಂತಾದವರು ಬಿಬಿಸಿಯಲ್ಲಿ ನಡೆಸಿದ ‘ದ ಕುಮಾರ್ಸ್ ಅಟ್ ನಂಬರ್ 42’ ಕೂಡ ಅದೇ ವಂಶದ ಕುಡಿ: ಹಿತ್ತಿಲಲ್ಲಿ ಸ್ಟುಡಿಯೋ ಕಟ್ಟಿಸಿಕೊಂಡ ಭಾರತೀಯ ಕುಟುಂಬವೊಂದು ಅಸಲಿ ತಾರೆಯರನ್ನು ಕೂರಿಸಿಕೊಂಡು ಅಪ್ಪನ ಲೆಕ್ಕಾಚಾರ, ಅಜ್ಜಿಯ ತುಂಟತನಗಳಿಂದ ಹಿಂಡುತ್ತದೆ. ಎರಡು ವರ್ಷಗಳ ಬಳಿಕ ಆಸ್ಟ್ರೇಲಿಯಾ ಅದನ್ನೇ ಎರವಲು ಪಡೆದು ಗ್ರೀಕ್ ವಲಸಿಗರ ಕುಟುಂಬಕ್ಕೆ ಒಗ್ಗಿಸಿಕೊಂಡಿತು.

ಎಡ್ನಾ ಮಧ್ಯಮವರ್ಗದ ಸೊತ್ತು. ಸಾಮಾನ್ಯ ಬ್ರಿಟಿಷರ ಅಡುಗೆಮನೆಗೆ ಆಸ್ಟ್ರೇಲಿಯಾ ಕಾಲಿಟ್ಟದ್ದು ‘ನೇಬರ್ಸ್’ ಧಾರಾವಾಹಿಯ ಮೂಲಕ. 1986ರ ಅಕ್ಟೋಬರ್‌ನಿಂದ ಬಿಬಿಸಿ ಇದನ್ನು ಮಧ್ಯಾಹ್ನ ಪ್ರಸಾರ ಮಾಡತೊಡಗಿತು. 1988ರಿಂದ ಮಕ್ಕಳು ಶಾಲೆಯಿಂದ ಮರಳುವ ಸಂಜೆಯ ಹೊತ್ತಿಗೆ ಮರುಪ್ರಸಾರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೈಲಿ ಮಿನೋಗ್ ಮತ್ತು ಜೇಸನ್ ಡೊನೊವನ್ ಪಾತ್ರಗಳ ಮದುವೆಯನ್ನು ಸುಮಾರು 2 ಕೋಟಿ ಬ್ರಿಟಿಷರು ನೋಡಿದರು. ಬಿಬಿಸಿಯ ಸ್ವಂತ ‘ಈಸ್ಟ್‌ಎಂಡರ್ಸ್‌’ನಲ್ಲಿ ಆಗ ಮಳೆ, ಸಾಲ, ಜಗಳ, ಇಲ್ಲಿ ಬಿಸಿಲು, ಈಜುಕೊಳ, ಸ್ವಂತ ಮನೆ. ಈ ಧಾರಾವಾಹಿಯ ಜನಕ ರೆಗ್ ವಾಟ್ಸನ್ ಕಸುಬು ಪಳಗಿಸಿಕೊಂಡದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ‘ಕ್ರಾಸ್‌ರೋಡ್ಸ್’ ಎಂಬ ಬ್ರಿಟಿಷ್ ಧಾರಾವಾಹಿಯ ನಿರ್ಮಾಪಕರಾಗಿ. 2022ರಲ್ಲಿ ಬ್ರಿಟನ್ನಿನ ವಾಹಿನಿ ಕೈಬಿಟ್ಟೊಡನೆ ಧಾರಾವಾಹಿಯೇ ನಿಂತುಹೋಯಿತು. ಬಳಿಕ ಅಮೆಜಾನ್ ಅದಕ್ಕೆ ಕೆಲಕಾಲ ಮರುಜೀವ ಕೊಟ್ಟಿತು. ಆಸ್ಟ್ರೇಲಿಯಾದ ಆ ಬೀದಿ ಬ್ರಿಟನ್ನಿನ ದುಡ್ಡಿನ ಮೇಲೆ ನಿಂತಿತ್ತು.

ವಿಶ್ವವಿದ್ಯಾಲಯವನ್ನು ಬ್ರಿಟಿಷ್ ಹುಡುಗರು ‘ಯೂನಿ’ ಎನ್ನಲು ಕಲಿತದ್ದು ‘ನೇಬರ್ಸ್‌’ನಿಂದ ಎಂಬುದು ಹಲವರ ನಂಬಿಕೆ. ಸಾಧಾರಣ ಹೇಳಿಕೆಯನ್ನೂ ಪ್ರಶ್ನೆಯಂತೆ ಏರುದನಿಯಲ್ಲಿ ಮುಗಿಸುವ ಚಾಳಿ 1990ರ ದಶಕದಲ್ಲಿ ಬ್ರಿಟಿಷ್ ತರುಣರಲ್ಲಿ ಎದ್ದುಕಂಡಾಗಲೂ ಹಿರಿಯರು ಬೆರಳು ತೋರಿದ್ದು ಇದೇ ಧಾರಾವಾಹಿಯತ್ತ. ಭಾಷಾವಿಜ್ಞಾನಿಗಳು ಇದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಪದಗಳನ್ನು ಟಿ.ವಿ. ಕಲಿಸಬಲ್ಲದು, ರಾಗವನ್ನು ಕಲಿಸುವುದು ಒಡನಾಟ. ಅಲ್ಲದೆ ಏರುದನಿಯು ಕ್ಯಾಲಿಫೋರ್ನಿಯಾದಲ್ಲೂ ಬೆಲ್‌ಫಾಸ್ಟ್‌ನಲ್ಲೂ ಇದೆ. ದೂರುವವರಿಗೆ ಆಸ್ಟ್ರೇಲಿಯಾ ಕೈಗೆಟುಕಿತು, ಅಷ್ಟೆ. ಬಿಯರಿನ ವಿಷಯದಲ್ಲಿ ಈ ಆಟ ಇನ್ನೂ ಸ್ಪಷ್ಟ. ಮೆಕೆಂಜಿಯ ಕೈಯಲ್ಲಿದ್ದ ಫಾಸ್ಟರ್ಸ್ 1981ರಿಂದ ಬ್ರಿಟನ್ನಿನಲ್ಲೇ ತಯಾರಾಗತೊಡಗಿತು. ನಟ ಪಾಲ್ ಹೋಗನ್ ಅದರ ಜಾಹೀರಾತಿನಲ್ಲಿ ಬ್ಯಾಲೆ ನೋಡಲು ಹೋಗಿ, ಚಲ್ಲಣವಿಲ್ಲದ ನರ್ತಕನನ್ನು ಕಂಡು ‘ಸ್ಟ್ರೂತ್’ ಎಂದು ಉದ್ಗರಿಸುತ್ತಾರೆ. ದೇವರಾಣೆ ಎಂಬಂಥ ಈ ಉದ್ಗಾರವೂ ಇಂಗ್ಲೆಂಡಿನದೇ. ಬ್ರಿಟನ್ನಿನಲ್ಲಿ ಹೊಳೆಯಾಗಿ ಹರಿದ ಆ ಬಿಯರನ್ನು ಆಸ್ಟ್ರೇಲಿಯಾದಲ್ಲಿ ಕೇಳುವವರು ವಿರಳ.

ಇನ್ನು ಪರವಾನಗಿಯ ಪ್ರಶ್ನೆ. ಮೆಕೆಂಜಿ ಅರ್ಲ್ಸ್ ಕೋರ್ಟಿನಲ್ಲಿ ತೂರಾಡುತ್ತಿದ್ದ ವರ್ಷಗಳಲ್ಲೇ ಬ್ರಿಟನ್ 1962, 1968 ಮತ್ತು 1971ರ ಕಾನೂನುಗಳ ಮೂಲಕ ಕಾಮನ್‌ವೆಲ್ತ್ ವಲಸಿಗರಿಗೆ ಬಾಗಿಲನ್ನು ಹಂತಹಂತವಾಗಿ ಮುಚ್ಚುತ್ತಿತ್ತು. ಬ್ರಿಟನ್ನಿನಲ್ಲಿ ಹುಟ್ಟಿದ ತಂದೆ, ತಾಯಿ, ಅಜ್ಜ ಅಥವಾ ಅಜ್ಜಿ ಇದ್ದವರಿಗೆ ಮಾತ್ರ ಪಕ್ಕದ ಬಾಗಿಲೊಂದು ತೆರೆದೇ ಇತ್ತು. ಅದರಿಂದ ಒಳಬರಬಹುದಾಗಿದ್ದವರಲ್ಲಿ ಆಸ್ಟ್ರೇಲಿಯನ್ನರೇ ಹೆಚ್ಚೇ ಹೊರತು ಪಂಜಾಬಿನವರೋ ಜಮೈಕಾದವರೋ ಅಲ್ಲ. ಅದೇ ಕಾಲದ ಬ್ರಿಟಿಷ್ ಹಾಸ್ಯದಲ್ಲಿ ಭಾರತೀಯನ ಉಚ್ಚಾರಣೆಗೆ ಯಾವ ಸ್ಥಾನವಿತ್ತು? 1960ರ ‘ದ ಮಿಲಿಯನೇರೆಸ್’ ಚಿತ್ರದಲ್ಲಿ ಪೀಟರ್ ಸೆಲ್ಲರ್ಸ್, 1974ರಿಂದ ಬಿಬಿಸಿಯ ‘ಇಟ್ ಏಂಟ್ ಹಾಫ್ ಹಾಟ್ ಮಮ್’ನಲ್ಲಿ ಮೈಕೆಲ್ ಬೇಟ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಆ ಉಚ್ಚಾರಣೆಯನ್ನು ಆಡಿ ತೋರಿಸುತ್ತಿದ್ದರು. ಆಸ್ಟ್ರೇಲಿಯನ್ನನ ಗೇಲಿಯನ್ನು ಆಸ್ಟ್ರೇಲಿಯನ್ನನೇ ಮಾಡಿಕೊಂಡು ಸಂಭಾವನೆ ಎಣಿಸಿದ. ಭಾರತೀಯನ ಗೇಲಿಯನ್ನು ಬೇರೆಯವರು ಮಾಡಿದರು. ಭಾರತೀಯ ಮೂಲದವರೇ ಬರೆದು ನಟಿಸಿದ ‘ಗುಡ್‌ನೆಸ್ ಗ್ರೇಷಿಯಸ್ ಮಿ’ ಬ್ರಿಟಿಷರನ್ನು ಮರುಗೇಲಿ ಮಾಡುತ್ತ ಟಿ.ವಿ.ಗೆ ಬರಲು 1998 ಆಗಬೇಕಾಯಿತು. ‘ನೇಬರ್ಸ್‌’ನ ಬೀದಿಗೆ ಕಪೂರ್ ಎಂಬ ಭಾರತೀಯ ಮೂಲದ ಕುಟುಂಬ ಬಂದದ್ದಂತೂ 2011–12ರಲ್ಲಿ. ಆಗಲೂ ಕೆಲ ವೀಕ್ಷಕರು ಸಿಡಿಮಿಡಿಗೊಂಡರು. 2013ರ ಹೊತ್ತಿಗೆ ಆ ಕುಟುಂಬವನ್ನು ಕಥೆಯಿಂದ ಹೊರಗೆ ಕಳುಹಿಸಲಾಯಿತು.

ಒರಟು ಮಾತು ಆತ್ಮೀಯತೆಯ ಕುರುಹು ಎಂಬ ತಿಳಿವಳಿಕೆ ಬ್ರಿಟಿಷರಿಗೆ ಹಂಫ್ರಿಸ್, ಹೋಗನ್‌ರಿಂದ ದೊರೆತಿತ್ತು. ಆ ಪಾಠವಿಲ್ಲದೆ ಅದೇ ಮಾತನ್ನು ಎದುರಿಸಿದವರ ಪಾಡನ್ನು ನಾವು 2008ರ ಜನವರಿಯ ಸಿಡ್ನಿ ಟೆಸ್ಟ್‌ನಲ್ಲಿ ಕಂಡೆವು. ಹರಭಜನ್ ಸಿಂಗ್ ಅವರ ಮೇಲಿನ ಜನಾಂಗೀಯ ನಿಂದನೆಯ ಆರೋಪ ಎಲ್ಲರ ನೆನಪಿನಲ್ಲಿದೆ. ಆಸ್ಟ್ರೇಲಿಯಾದ ಸ್ಪಿನ್ನರ್ ಬ್ರ್ಯಾಡ್ ಹಾಗ್ ನಮ್ಮ ನಾಯಕ ಅನಿಲ್ ಕುಂಬ್ಳೆ ಮತ್ತು ಧೋನಿಯವರನ್ನು ‘ಬಾಸ್ಟರ್ಡ್ಸ್’ ಎಂದರೆಂದು ಭಾರತ ತಂಡವೂ ಅದೇ ಪಂದ್ಯದಲ್ಲಿ ದೂರು ದಾಖಲಿಸಿತ್ತು. ಆಸ್ಟ್ರೇಲಿಯಾದ ಆಡುಮಾತಿನಲ್ಲಿ ಆ ಪದ ಆಪ್ತಮಿತ್ರನಿಗೂ ಸಲ್ಲುತ್ತದೆ. ನಮ್ಮಲ್ಲಿ ಅದು ಹೆತ್ತವಳ ಮೇಲೆ ಹೊರಿಸುವ ಅಪವಾದ. ಭಾರತ ಕೊನೆಗೆ ಆ ದೂರನ್ನು ಹಿಂದೆಗೆದುಕೊಂಡಿತು. ಒಂದು ನೆಲದ ಸಲಿಗೆ ಇನ್ನೊಂದು ನೆಲದಲ್ಲಿ ಹಲ್ಲೆಯಾಗಬಲ್ಲದೆಂಬುದಷ್ಟೇ ಇಲ್ಲಿನ ವಿಷಯವಲ್ಲ. ಯಾರ ಒರಟುತನವನ್ನು ‘ಅವರ ಸಂಸ್ಕೃತಿ’ ಎಂದು ಮನ್ನಿಸಬೇಕು, ಯಾರದನ್ನು ವಿಚಾರಣೆಗೆ ಒಳಪಡಿಸಬೇಕು ಎಂಬ ನಿರ್ಧಾರ ಎಂದೂ ಸಮತಟ್ಟಾದ ನೆಲದ ಮೇಲೆ ನಡೆಯುವುದಿಲ್ಲ.

ಆಸ್ಟ್ರೇಲಿಯಾದೊಳಗೂ ಈ ಪರವಾನಗಿಯ ಬಗ್ಗೆ ತಕರಾರು ಎದ್ದಿದೆ. 2017ರಲ್ಲಿ ಟಾಸ್ಮೇನಿಯಾದ ಹಾಸ್ಯಕಲಾವಿದೆ ಹನ್ನಾ ಗ್ಯಾಡ್ಸ್‌ಬಿ ‘ನ್ಯಾನೆಟ್’ ಎಂಬ ಪ್ರದರ್ಶನಕ್ಕೆ ಮೆಲ್ಬರ್ನಿನ ಹಾಸ್ಯೋತ್ಸವದ ಬಹುಮಾನವನ್ನೂ ಎಡಿನ್‌ಬರೊದ ಪ್ರಶಸ್ತಿಯನ್ನೂ ಗಳಿಸಿದರು. ಅಂಚಿನಲ್ಲಿರುವವರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವುದು ವಿನಯವಲ್ಲ, ಅಪಮಾನ. ಅಂಥ ಹಾಸ್ಯ ನನಗೆ ಸಾಕು ಎಂಬುದು ಅದರ ತಿರುಳು. ತಮಾಷೆಯೆಂದರೆ, ಮೆಲ್ಬರ್ನಿನ ಆ ಬಹುಮಾನದ ಹೆಸರೇ ‘ಬ್ಯಾರಿ’. ಹಂಫ್ರಿಸ್ ಗೌರವಾರ್ಥ ಇಟ್ಟದ್ದು. ಲಿಂಗಪರಿವರ್ತಿತರ ಕುರಿತು ಹಂಫ್ರಿಸ್ ಆಡಿದ ಮಾತುಗಳು ವಿವಾದವೆಬ್ಬಿಸಿದ ಬಳಿಕ, 2019ರಲ್ಲಿ ಉತ್ಸವದವರು ಆ ಹೆಸರನ್ನು ತೆಗೆದುಹಾಕಿದರು. ಯಾರನ್ನು ಬೇಕಾದರೂ ಕೆಣಕುವ ಹಕ್ಕಿಗೆ ತವರಿನಲ್ಲೇ ಗಡಿ ಬಿದ್ದಿತ್ತು. 2023ರ ಏಪ್ರಿಲ್‌ನಲ್ಲಿ ತಮ್ಮ 89ನೇ ವಯಸ್ಸಿನಲ್ಲಿ ಅವರು ಸಿಡ್ನಿಯಲ್ಲಿ ತೀರಿಕೊಂಡರು. ಆ ವಿವಾದದಲ್ಲಿ ನಾನು ಅವರ ಪರವಲ್ಲ. ಎಡ್ನಾಳನ್ನು ನೋಡಿ ನಗುವುದನ್ನು ಬಿಟ್ಟವನೂ ಅಲ್ಲ.

ಈಗ ಬ್ರಿಟನ್ನಿನ ಪುಟಾಣಿಗಳಿಗೆ ಆಸ್ಟ್ರೇಲಿಯಾ ಎಂದರೆ ‘ಬ್ಲೂಯಿ’. 2018ರಲ್ಲಿ ಆರಂಭವಾದ, ಬ್ರಿಸ್ಬೇನಿನ ನಾಯಿ ಕುಟುಂಬವೊಂದರ ಈ ವ್ಯಂಗ್ಯಚಿತ್ರ ಸರಣಿಯ ಹಿಂದೆಯೂ ಬಿಬಿಸಿಯ ವಾಣಿಜ್ಯ ಅಂಗಸಂಸ್ಥೆಯ ಪಾಲುಗಾರಿಕೆಯಿದೆ. ಅದರ ಒಂದು ಕಂತಿನ ಶೀರ್ಷಿಕೆ ‘ಡನ್ನಿ’. ಆಸ್ಟ್ರೇಲಿಯಾದ ಆಡುಮಾತಿನಲ್ಲಿ ಕಕ್ಕಸು ಎಂದರ್ಥ. ಆ ಮಾತು ಚೆನ್ನಾಗಿಲ್ಲ, ಆಡಬಾರದು ಎಂದು ತಾಯಿನಾಯಿ ಮರಿಗಳಿಗೆ ಹೇಳಿನೋಡುತ್ತಾಳೆ. ಕಳ್ಳ ವಾಕ್ಸ್ 1812ರಲ್ಲಿ ಅಧಿಕಾರಿಗಳಿಗೆ ಬರೆದುಕೊಟ್ಟ ಪಟ್ಟಿಯಲ್ಲಿ ಅದರ ಬೇರುಪದವಿದೆ: ‘ಡ್ಯಾನ’, ಅಂದರೆ ಮಲ.